ಆ ಕಾರನ್ನು ಮೊದಲು ನಿಧಾನವಾಗಿ ಓಡಿಸಿ ನೋಡು

ಮಾಟುಂಗಾ, ಮುಂಬಯಿ

ಚಿರಂಜೀವಿ ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬಾಣೇರಿನಲ್ಲಿ 2019ರ ಬಿಎಂಡಬ್ಲ್ಯು ಝಡ್4 ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ, ಶನಿವಾರ ಓಡಿಸಿ ನೋಡುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೂ ಸಂತೋಷವಾಯಿತು. ನಾನೇ ಪುಣೆಗೆ ಬರಬೇಕಿತ್ತು. ನಿನ್ನ ದೊಡ್ಡಮ್ಮನ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಹತ್ತು ದಿನ ತುಂಬಿಲ್ಲ, ಅವಳೊಬ್ಬಳನ್ನೇ ಬಿಟ್ಟು ಬರಲಾರೆ. ಹಾಗಾಗಿ ಈ ಪತ್ರ. ಇದನ್ನು ಶುಕ್ರವಾರ ರಾತ್ರಿ ಇನ್ನೊಮ್ಮೆ ಓದಿಕೋ.

ಸ್ಪೋರ್ಟ್ಸ್ ಕಾರು ನೋಡಲು ಹೋದವರೆಲ್ಲ ಅದನ್ನು ಜೋರಾಗಿ ಓಡಿಸಿ ನೋಡುತ್ತಾರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಾಯಿಲೆ ತಪ್ಪಿಸಿಕೊಳ್ಳುವುದು ಅಲ್ಲಿಯೇ. ಆಕ್ಸಿಲರೇಟರ್ ಬಲವಾಗಿ ತುಳಿದಾಗ ಒಳಗಿನ ಎಣ್ಣೆಯ ಒತ್ತಡ ಏರುತ್ತದೆ, ಗೇರು ಬಿರುಸಾಗಿ ಬೀಳುವುದೇ ಸಹಜ ಎನಿಸುತ್ತದೆ, ಸಣ್ಣ ನಡುಕವೆಲ್ಲ ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹಿಂಜೇವಾಡಿಯ ಸಂಜೆಯ ದಟ್ಟಣೆಯಲ್ಲಿ ಸ್ಕೂಟರಿನ ಹಿಂದೆ ತೆವಳುವಾಗ ಮಾತ್ರ ಆ ಗೇರ್‌ಬಾಕ್ಸ್ ತನ್ನ ಸಂಕಟವನ್ನು ಮುಚ್ಚಿಡಲಾರದು. ಅದನ್ನು ಬಸ್ಸಿನಂತೆ ಓಡಿಸು.

ಅದಕ್ಕೂ ಮೊದಲು, ಕಾರು ತಣ್ಣಗಿರಬೇಕು. ರಾತ್ರಿಯಿಡೀ ನಿಂತ ಕಾರನ್ನು ನಾನೇ ಚಾಲೂ ಮಾಡುತ್ತೇನೆ ಎಂದು ಮಾಲೀಕರಿಗೆ ಮೊದಲೇ ಹೇಳಿಬಿಡು. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡು. ಬೆಚ್ಚಗಿದ್ದರೆ ಸೌಜನ್ಯದಿಂದಲೇ ಇನ್ನೊಂದು ದಿನ ಬರುತ್ತೇನೆ ಎನ್ನು. ಕುರ್ಲಾದ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾಗ ಗೆಳೆಯನೊಬ್ಬನಿಗಾಗಿ ನಾನು ಒಂದು ಕಾರನ್ನು ಸಂಜೆ ನೋಡಿ ಒಪ್ಪಿದ್ದೆ. ಅದು ಅದಾಗಲೇ ಊರೆಲ್ಲ ಸುತ್ತಿ ಬಿಸಿಯಾಗಿತ್ತು, ಬೆಣ್ಣೆಯಂತೆ ಓಡಿತು. ಮರುದಿನ ಬೆಳಗ್ಗೆ ಅವನು ಕಟ್ಟಡದ ಇಳಿಜಾರಿನಿಂದ ರಿವರ್ಸ್ ತೆಗೆಯಲು ಹೋದರೆ, ಲಿವರ್ ಎಳೆದು ಮೂರು ಸೆಕೆಂಡು ಕಳೆದ ಮೇಲೆ ಗೇರು ‘ದಡ್’ ಎಂದು ಬಿತ್ತು. ಅವನು ಆ ಕಾರಿಗೆ ಸುರಿದ ಹಣ ನೆನೆದರೆ ಇಂದಿಗೂ ನನ್ನ ಮನಸ್ಸು ನೋಯುತ್ತದೆ.

ಹಾಗಾಗಿ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು ಪಾರ್ಕಿನಿಂದ ರಿವರ್ಸ್, ರಿವರ್ಸಿನಿಂದ ಡ್ರೈವ್, ಮತ್ತೆ ರಿವರ್ಸ್ ಎಂದು ನಾಲ್ಕೈದು ಸಲ ಬದಲಿಸು. ಪ್ರತಿ ಸಲವೂ ಸುಮಾರು ಒಂದು ಸೆಕೆಂಡಿನೊಳಗೆ ಗೇರು ಮೆಲ್ಲಗೆ ಹಿಡಿದುಕೊಳ್ಳಬೇಕು. ತಡವಾದರೂ, ಗುದ್ದಿದಂತಾದರೂ ನೆನಪಿಟ್ಟುಕೋ. ಹೊರಟ ಮೊದಲ ಒಂದೆರಡು ನಿಮಿಷ ಅದು ಪ್ರತಿ ಗೇರನ್ನೂ ತುಸು ಹೆಚ್ಚು ಹೊತ್ತು ಹಿಡಿದಿಟ್ಟರೆ ಗಾಬರಿ ಬೇಡ. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಹಾಗೆ ಮಾಡಿರುತ್ತಾರೆ.

ಬಾಣೇರಿನಿಂದ ಪಾಷಾಣ, ಚಾಂದಣಿ ಚೌಕ ದಾಟಿ ಕಾತ್ರಜ್ ಕಡೆಗೆ ಹೋಗು. ಕಡಿಮೆಯೆಂದರೂ ಮುಕ್ಕಾಲು ಗಂಟೆ ಓಡಿಸಬೇಕು. ಎಣ್ಣೆ ಪೂರ್ತಿ ಕಾದ ಮೇಲೆ ಕಾಣಿಸುವ ದೋಷಗಳೇ ಬೇರೆ. ದಾರಿಯುದ್ದಕ್ಕೂ ಕಣ್ಣು ರಸ್ತೆಯ ಮೇಲಿರಲಿ. ಆರ್‌ಪಿಎಂ ಮುಳ್ಳನ್ನು, ಅಂದರೆ ಎಂಜಿನ್ ತಿರುಗುವ ವೇಗ ತೋರಿಸುವುದನ್ನು, ನೋಡಲು ಪಕ್ಕದ ಸೀಟಿನಲ್ಲಿ ಗೆಳತಿಯನ್ನು ಕೂರಿಸಿಕೋ. ಆಕ್ಸಿಲರೇಟರ್ ಕಾಲು ಭಾಗ ಮಾತ್ರ ಒತ್ತಿ ಒಂದೇ ಸಮನೆ ಏರಿದಾಗ ಮುಳ್ಳು ಏರಬೇಕು, ಗೇರು ಬದಲಾದೊಡನೆ ಇಳಿಯಬೇಕು, ಮತ್ತೆ ಏರಬೇಕು. ಇಳಿಯಬೇಕಾದ ಗಳಿಗೆಯಲ್ಲಿ ಅದು ಒಮ್ಮೆ ಮೇಲಕ್ಕೆ ಚಿಮ್ಮಿ ಆಮೇಲೆ ಇಳಿದರೆ ಒಳಗಿನ ಕ್ಲಚ್ ಫಲಕಗಳು ಜಾರುತ್ತಿವೆ ಎಂದರ್ಥ. ಸಿಗ್ನಲ್ಲಿನಲ್ಲಿ ನಿಲ್ಲುವಾಗಲೂ ಗಮನವಿಡು: ಮೂರರಿಂದ ಎರಡು, ಎರಡರಿಂದ ಒಂದಕ್ಕೆ ಇಳಿಯುವಾಗ ಹಿಂದಿನಿಂದ ಯಾರೋ ತಳ್ಳಿದಂತೆ ಆಗಬಾರದು.

ಸುಮಾರು 70 ಕಿಲೋಮೀಟರ್ ವೇಗದಲ್ಲಿ ಹಗುರ ಪಾದದಿಂದ ಸಾಗುವಾಗ, ರಸ್ತೆಗೆ ಬಳಿದ ಸಣ್ಣ ಸಣ್ಣ ಉಬ್ಬುಗೆರೆಗಳ ಮೇಲೆ ಹಾದಂತೆ ಎರಡು ಮೂರು ಸೆಕೆಂಡು ನಡುಕ ಬಂದರೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ, ಎರಡನ್ನೂ ನೇರವಾಗಿ ಬೆಸೆಯುವ ಲಾಕ್‌ಅಪ್ ಕ್ಲಚ್ ಮೇಲೆ ನನ್ನ ಅನುಮಾನ. ತಕ್ಷಣ ದೂರಬೇಡ. ಸ್ಟಿಯರಿಂಗಿನ ಹಿಂದಿನ ಪ್ಯಾಡಲ್‌ನಿಂದ, ವೇಗ ಬದಲಿಸದೆ, ಒಂದು ಗೇರು ಇಳಿಸು, ಇನ್ನೊಂದು ಇಳಿಸು. ನಡುಕ ಹಾಗೆಯೇ ಉಳಿದರೆ ಅದು ಚಕ್ರದ್ದೋ ಟೈರಿನದೋ. ಗೇರಿನೊಂದಿಗೆ ಬದಲಾದರೆ ಎಂಜಿನ್ ಅಥವಾ ಗೇರ್‌ಬಾಕ್ಸಿನದು. ಎಂಜಿನ್ನಿನ ಮಿಸ್‌ಫೈರ್ (ಒಳಗೆ ಇಂಧನ ಸರಿಯಾಗಿ ಉರಿಯದಿರುವುದು) ಕೂಡ ಇದೇ ವೇಷದಲ್ಲಿ ಬರುತ್ತದೆ. ಅದನ್ನು, ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್ ಹೇಳುತ್ತದೆ.

ಜೋರಾಗಿ ಒತ್ತಿ ನೋಡುವುದು ಒಂದೇ ಒಂದು ಸಲ, ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ. ನವಲೆ ಸೇತುವೆಯ ಇಳಿಜಾರಿನಲ್ಲಿ ಯಾವ ಪ್ರಯೋಗವೂ ಬೇಡ. ಅಲ್ಲಿ ಬ್ರೇಕ್ ಕಳೆದುಕೊಂಡ ಲಾರಿಗಳಿಂದ ಎಷ್ಟೋ ಅಪಘಾತಗಳಾಗಿವೆ, ನನ್ನ ಆಣೆ.

ನೀನು ಜರ್ಕ್ ಎಂದರೆ ಮಾಲೀಕರು ‘ಸ್ಪೋರ್ಟ್ಸ್ ಗಾಡಿ ಆಹೇ, ಅಶೀಚ್ ಚಾಲತೇ’ (ಸ್ಪೋರ್ಟ್ಸ್ ಗಾಡಿ, ಹೀಗೇ ಓಡುವುದು) ಎನ್ನಬಹುದು. ಆ ಮಾತು ಸ್ಪೋರ್ಟ್ ಮೋಡಿನಲ್ಲಿ ಅರ್ಧ ನಿಜ, ಅಲ್ಲಿ ಗೇರು ಬೇಕೆಂದೇ ಬಿರುಸಾಗಿ ಬೀಳುತ್ತದೆ. ಕಂಫರ್ಟ್ ಮೋಡಿಗೆ ಬದಲಿಸು. ಅಲ್ಲಿಯೂ ಗುದ್ದಿದರೆ ಅದು ಸ್ವಭಾವವಲ್ಲ, ದೋಷ.

ಎಣ್ಣೆಯ ಬಗ್ಗೆಯೂ ಕೇಳು. ಆ ಎಂಟು ಗೇರಿನ ಪೆಟ್ಟಿಗೆ ಜರ್ಮನಿಯ ಝಡ್‌ಎಫ್ ಕಂಪನಿಯದು. ಅದರ ಎಣ್ಣೆ ಜೀವಮಾನಪೂರ್ತಿ ಸಾಕು ಎನ್ನುವವರಿದ್ದಾರೆ. ಪೆಟ್ಟಿಗೆ ಮಾಡಿದ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಸುಮಾರು 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಕಡಿಮೆ ಓಡಿದೆ ಎಂದ ಮಾತ್ರಕ್ಕೆ ಎಣ್ಣೆಗೆ ವಯಸ್ಸಾಗಿಲ್ಲ ಎಂದು ತಿಳಿಯಬೇಡ. ಅದರಲ್ಲಿ ಎಣ್ಣೆ ಅಳೆಯುವ ಕಡ್ಡಿ ಇಲ್ಲ. ಗ್ಯಾರೇಜಿನಲ್ಲಿ ಲಿಫ್ಟಿಗೆ ಏರಿಸಿ, ಆ ಪೆಟ್ಟಿಗೆಯ ಪ್ಲಾಸ್ಟಿಕ್ ತಳದ ಅಂಚಿನಲ್ಲಿ ಜಿನುಗುವಿಕೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿಸು.

ಸ್ಕ್ಯಾನರ್ ಹಾಕಿಸದೆ ಟೋಕನ್ ಹಣ ಕೊಡಬೇಡ. ದೋಷ ಸಂಕೇತಗಳನ್ನು ಹಿಂದಿನ ದಿನವೇ ಅಳಿಸಿಟ್ಟಿದ್ದರೂ ಕಾರಿನ ಸ್ವಯಂಪರೀಕ್ಷೆಗಳು ಪೂರ್ತಿಯಾಗಿಲ್ಲ ಎಂಬುದು ಅದರಲ್ಲಿ ಕಾಣುತ್ತದೆ. ಪಿ0741 ಎಂದು ಬಂದರೆ ಕನ್ವರ್ಟರ್ ಕ್ಲಚ್‌ನ ದೂರು, ಪಿ0730 ಎಂದರೆ ಗೇರಿನ ಅನುಪಾತ ತಪ್ಪಿದೆ ಎಂಬ ದೂರು. ಬ್ಯಾಟರಿಯ ಬಲವನ್ನೂ ಅಳೆಸು. ನಿಂತೇ ಇರುವ ಇಂಥ ಕಾರುಗಳಲ್ಲಿ ಬ್ಯಾಟರಿ ಸೊರಗಿ, ಗೇರ್‌ಬಾಕ್ಸಿನ ತಪ್ಪಿಲ್ಲದೆಯೇ ಅದಕ್ಕೆ ಕೆಟ್ಟ ಹೆಸರು ಬರುವುದುಂಟು.

ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮುಂಚೆಯೇ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸೀಟಿನ ಮೇಲಿಡು. ಆ ಧ್ವನಿಯನ್ನೂ ಸ್ಕ್ಯಾನರಿನ ಹಾಳೆಯ ಫೋಟೋವನ್ನೂ ನನಗೆ ಕಳುಹಿಸು. ಸೋಮವಾರ ಸಂಜೆಯವರೆಗೆ ಮಾಲೀಕರಿಗೆ ಏನನ್ನೂ ಹೇಳಬೇಡ.

ಇಂತು ನಿನ್ನ ಪ್ರೀತಿಯ
ದೊಡ್ಡಪ್ಪ