ಸುಟ್ಟ ಕಾಡಿಗೆ ಮಳೆಗೆ ಮೊದಲೇ ಹಣ ಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಆರಿಸಲು ವಾಯುಪಡೆಯ ಹೆಲಿಕಾಪ್ಟರುಗಳೇ ಬಂದವು. ಬೆಂಕಿ ಆರಿದ ಮೇಲಿನ ಕೆಲಸಕ್ಕೆ ಮಾತ್ರ ನಮ್ಮಲ್ಲಿ ಆ ಅವಸರ ಕಾಣುವುದಿಲ್ಲ.

ಕಾಡಿನ ಪಂಚಾಂಗ ಬೇರೆ, ಖಜಾನೆಯದು ಬೇರೆ. ಬೆಂಕಿ ಬೀಳುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚುತ್ತದೆ. ಹೊಸ ವರ್ಷದ ಕ್ರಿಯಾಯೋಜನೆ, ಅನುಮೋದನೆ, ಕೇಂದ್ರದ ಕಂತು ಎನ್ನುವಷ್ಟರಲ್ಲಿ ಮುಂಗಾರು ಮುಗಿಯುತ್ತ ಬಂದಿರುತ್ತದೆ. ಕೆಲಸ ಇರುವುದೋ ಏಪ್ರಿಲ್, ಮೇ ತಿಂಗಳ ಆರೇಳು ವಾರಗಳಲ್ಲಿ.

ಕಾಡನ್ನೆಲ್ಲ ಆವರಿಸುವ ಹೊರನಾಡಿನ ಕಳೆಪೊದೆ ಲಂಟಾನವನ್ನೇ ನೋಡಿ. ಬೆಂಕಿಗೆ ಪೊದೆ ಸುಡುತ್ತದೆ, ಬುಡ ಸಾಯುವುದಿಲ್ಲ. ಮೊದಲ ಮಳೆಗೇ ಚಿಗುರೊಡೆಯುತ್ತದೆ. ಪೊದೆಯಿಲ್ಲದೆ ಬುಡ ಕಾಣುವಾಗ, ಬೇಸಿಗೆ ಮಳೆಗೆ ನೆಲ ಮೆತ್ತಗಾದಾಗ ತೆಗೆದರೆ ಅರ್ಧ ಶ್ರಮ ಉಳಿಯುತ್ತದೆ. ನೆಲದ ಮೇಲೆ ಕತ್ತರಿಸಿದರೆ ಒಂದಕ್ಕೆ ನಾಲ್ಕು ಕವಲು. ಗುದ್ದಲಿಯಿಂದ ಮಣ್ಣು ಬಿಡಿಸಿ, ಎರಡು ಅಂಗುಲ ಕೆಳಗೆ ತಾಯಿಬೇರು ಕಡಿದು, ಬುಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಜೆಸಿಬಿ ಬೇಡ, ಮಣ್ಣು ಮಗುಚಿದಷ್ಟೂ ಹೊಸ ಸಸಿ ಏಳುತ್ತದೆ. ಆಮೇಲೆ ಕನಿಷ್ಠ ಮೂರು ವರ್ಷ ಮರಿಗಿಡ ಕೀಳುತ್ತಲೇ ಇರಬೇಕು. ಒಂದೇ ವರ್ಷಕ್ಕೆ ದುಡ್ಡು ಕೊಟ್ಟು ಸುಮ್ಮನಾದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಲಂಟಾನ ತೆಗೆದ ಜಾಗಕ್ಕೆ ಹುಲ್ಲು ಬೇಕು. ನಾಡಹುಲ್ಲಿನ ಬೀಜ ಬಲಿಯುವುದು ಮಳೆಗಾಲ ಕಳೆದ ಮೇಲೆ. ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗದು. ಬೆಂಕಿ ಬೀಳಲಿ ಬಿಡಲಿ, ಪ್ರತಿ ವಲಯವೂ ಒಣಗಿಸಿದ ಬೀಜದ ದಾಸ್ತಾನು ಇಟ್ಟಿರಬೇಕು.

ಇಳಿಜಾರಿನ ಬೂದಿ, ಮೇಲ್ಮಣ್ಣು ಮೊದಲ ಬಿರುಮಳೆಗೇ ಕೆರೆ ಸೇರುತ್ತದೆ. ಸುಟ್ಟುಳಿದ ಲಂಟಾನದ ಕಡ್ಡಿಗಳನ್ನೇ ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿ ಕಲ್ಲು ಹೇರಿದರೆ ಸಾಕು. ಸಿಮೆಂಟಿನ ಕೆಲಸ ಬೇಕಿಲ್ಲ.

ಗಿಡ ನೆಡುವ ಉತ್ಸಾಹವನ್ನೂ ಸ್ವಲ್ಪ ತಡೆಯಿರಿ. ಮತ್ತಿ, ದಿಂಡಿಗ, ತೇಗ ಬುಡದಿಂದ ಮತ್ತೆ ಚಿಗುರುವ ಜಾತಿಗಳು. ಕಪ್ಪಾದ ತೊಗಟೆಯನ್ನು ಕತ್ತಿಯ ತುದಿಯಿಂದ ಕೆರೆದು ನೋಡಿ. ಒಳಪದರ ಹಸಿಯಾಗಿದ್ದರೆ ಮರಕ್ಕೆ ಜೀವವಿದೆ. ಎರಡು ಮಳೆಗಾಲ ಕಾದು, ಏನೂ ಏಳದ ಕಡೆ ಮಾತ್ರ ನೆಟ್ಟರೆ ಸಾಕು. ಸಸಿಗಳನ್ನು ಎಣಿಸಿ ವರದಿ ಬರೆಯುವುದು ಸುಲಭ, ತಾನಾಗಿ ಎದ್ದ ಚಿಗುರಿಗೆ ಬಿಲ್ಲು ಬರೆಯಲಾಗದು. ತೊಡಕು ಅಲ್ಲಿದೆ.

ಹಣಕ್ಕೆ ದಾರಿಯಿದೆ. ಕೇಂದ್ರದ ಕಾಡ್ಗಿಚ್ಚು ತಡೆ ಮತ್ತು ನಿರ್ವಹಣೆ ಯೋಜನೆ ನಮ್ಮ ರಾಜ್ಯಕ್ಕೆ 60:40ರ ಪಾಲಿನದು (ಕೇಂದ್ರದ್ದು 60, ರಾಜ್ಯದ್ದು 40). ಕಾಡನ್ನು ಬೇರೆ ಕೆಲಸಕ್ಕೆ ಪಡೆದವರು ಪರಿಹಾರವಾಗಿ ಕಟ್ಟುವ ಹಣದ ನಿಧಿ ಕ್ಯಾಂಪಾ; 2016ರ ಕಾಯ್ದೆಯಂತೆ ಅದರಲ್ಲಿ ಶೇ 90 ರಾಜ್ಯದ ಪಾಲು. ಹುಲಿ ಸಂರಕ್ಷಿತ ಪ್ರದೇಶಕ್ಕೊಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ನಮ್ಮ ಕೋರಿಕೆ ಇಷ್ಟು: ಆ ಪ್ರತಿಷ್ಠಾನದಲ್ಲಿ ಮಾರ್ಚ್ 31ಕ್ಕೆ ಖಜಾನೆಗೆ ವಾಪಸಾಗದ ಮೀಸಲು ಮೊತ್ತ ಇಡಿ; ಬೆಂಕಿ ಆರಿದ 30 ದಿನದೊಳಗೆ ಅದನ್ನು ಬಳಸುವ ಅಧಿಕಾರ ಹುಲಿ ಸಂರಕ್ಷಿತ ಪ್ರದೇಶದ ಮುಖ್ಯಸ್ಥರಾದ ಕ್ಷೇತ್ರ ನಿರ್ದೇಶಕರಿಗೆ ಕೊಡಿ; ಅನುದಾನ ಬಂದಾಗ ತುಂಬಿಕೊಳ್ಳಿ. ಉಳಿದ ಕಾಡುಗಳಿಗೆ ಕ್ಯಾಂಪಾ ವಾರ್ಷಿಕ ಯೋಜನೆಯಲ್ಲಿ ಸುಟ್ಟ ಪ್ರದೇಶಕ್ಕೆಂದು ಒಂದು ಮೊತ್ತ ಮೊದಲೇ ಮಂಜೂರು ಮಾಡಿಸಿ, ಜಾಗದ ಹೆಸರು ಆಮೇಲೆ ಬರೆಯಲಿ.

ಬೇರು ಕೀಳುವವರು ಹಾಡಿಗಳ ಸೋಲಿಗರು, ಜೇನುಕುರುಬರು. ಕೂಲಿ ವಾರಕ್ಕೊಮ್ಮೆ ಅವರ ಖಾತೆಗೆ ಬೀಳಬೇಕು. ಮೂರು ತಿಂಗಳ ಬಾಕಿ ಇಟ್ಟರೆ ಮೇ ತಿಂಗಳಲ್ಲಿ ಅವರು ಕೊಡಗಿನ ತೋಟಗಳಲ್ಲಿರುತ್ತಾರೆ.

ಇಂತಿ,
ಬಂಡೀಪುರದ ಅಂಚಿನಲ್ಲಿ ಕಾಡು ಚೇತರಿಕೆಯ ಕೆಲಸ ಮಾಡುವವರು