ಶನಿವಾರದ ಬಟವಾಡೆ

ಪ್ರೀತಿಯ ಗೆಳೆಯಾ,

ಪ್ರಭುವಿನಲ್ಲಿ ವಂದನೆಗಳು. ನಿನ್ನ ಮೆಸೇಜ್ ಓದಿದೆ. ಕಟ್ಟಡದ ಕಂಟ್ರಾಕ್ಟ್ ಕೆಲಸದ ಗಡಿಬಿಡಿಯಲ್ಲಿ ಪರಿಶುದ್ಧ ಜೀವನ ಎಲ್ಲಿಂದ ಬರಬೇಕು, ಶನಿವಾರ ಸಂಜೆಯ ಉಪವಾಸ ಪ್ರಾರ್ಥನಾ ಕೂಟಕ್ಕಾದರೂ ಇನ್ನು ತಪ್ಪಿಸಬಾರದು ಅಂತ ಬರೆದಿದ್ದೀಯ. ಹೋಗು, ನಾನೇನೂ ಬೇಡ ಅನ್ನುವುದಿಲ್ಲ. ಹೋಗುವ ಮುಂಚೆ ಬೈಬಲಿನ ಯೆಶಾಯ 58ನೇ ಅಧ್ಯಾಯ ಮಾತ್ರ ಒಮ್ಮೆ ಓದು. ಇಷ್ಟು ಉಪವಾಸ ಮಾಡಿದರೂ ದೇವರು ಕಣ್ಣೆತ್ತಿ ನೋಡುತ್ತಿಲ್ಲವಲ್ಲ ಅಂತ ಜನ ಗೊಣಗುತ್ತಾರೆ. ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಡುತ್ತೀರಲ್ಲ ಅಂತ ಉತ್ತರ ಬರುತ್ತದೆ. ಪ್ರಾರ್ಥನೆ ಸಾಲದು ಅಂತ ಆತ ಹೇಳುವುದೇ ಇಲ್ಲ.

ಯಾಜಕಕಾಂಡ 19 ಇನ್ನೂ ನೇರ. ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ ಎಂದು ಶುರುವಾಗುವ ಅಧ್ಯಾಯ ಅದು. ಕೈಗೆಟುಕದ ಏನನ್ನೋ ಕೇಳುತ್ತಾನೆ ಅಂದುಕೊಂಡು ಓದಿದರೆ ಸಿಗುವುದು ಹೊಲ, ಕೂಲಿ, ತಕ್ಕಡಿ. ಅಂಚಿನ ಪೈರನ್ನು ಬಡವರಿಗೆ ಬಿಡು, ಕೂಲಿಯವನ ಹಣ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು, ತೂಕದ ಕಲ್ಲು ಸರಿಯಿರಲಿ. ಆ ತೂಕದ ಮಾತಿನ ಬೆನ್ನಿಗೇ, ಐಗುಪ್ತದಿಂದ ನಿಮ್ಮನ್ನು ಕರೆತಂದವನು ನಾನೇ ಅನ್ನುತ್ತಾನೆ. ನನಗೆ ಇಲ್ಲೇ ವಿಷಯ ಹಿಡಿತಕ್ಕೆ ಸಿಕ್ಕಿದ್ದು. ಐಗುಪ್ತದಲ್ಲಿ ಬಿಟ್ಟಿ ಚಾಕರಿಯಲ್ಲಿ ಇಟ್ಟಿಗೆ ಮಾಡಿ ಸೋತ ಇಸ್ರಾಯೇಲ್ಯರಿಗೆ, ಬಿಡುಗಡೆಯಾದ ಮೇಲೆ ಇನ್ನೊಬ್ಬರ ಬೆವರನ್ನು ಬಿಟ್ಟಿ ಮಾಡಬೇಡಿ ಅಂತ ಹೇಳುತ್ತಿದ್ದಾನೆ. ಬಿಡುಗಡೆ ಮೊದಲು, ನಡತೆ ಆಮೇಲೆ. ಕೃಪೆಯನ್ನು ನಾವು ಸಂಪಾದಿಸುವುದಿಲ್ಲ, ಸರಿ. ಸಿಕ್ಕಿದ ಮೇಲೆ ಅದು ಲೆಕ್ಕದ ಪುಸ್ತಕದಲ್ಲೂ ಕಾಣಬೇಕಲ್ಲ?

ಶನಿವಾರ ಸಂಜೆ ಯಾವುದಾದರೂ ಸೈಟಿನ ಮುಂದೆ ನಿಂತು ನೋಡು. ಬಾಂಡ್ಲಿ, ಸನಿಕೆ ತೊಳೆದಿಟ್ಟಾಗಿದೆ. ಹೆಣ್ಣಾಳುಗಳು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮರಳಿನ ರಾಶಿಯ ಪಕ್ಕ ಕೂತಿರುತ್ತಾರೆ. ಬಸ್ಸಿನ ಹೊತ್ತು ಮೀರುತ್ತಿದೆ, ಕಿರಾಣಿ ಅಂಗಡಿಯಲ್ಲಿ ವಾರದ ಬಾಕಿ ಇದೆ. ಅಷ್ಟರಲ್ಲಿ ಮೇಸ್ತ್ರಿ ಫೋನ್ ಕಿಸೆಗೆ ಹಾಕಿಕೊಂಡು ಬಂದು, "ಸಾಹೇಬ್ರು ಸೋಮವಾರ ಅಂದ್ರು" ಅನ್ನುತ್ತಾನೆ. ಯಾರೂ ಜಗಳ ಆಡುವುದಿಲ್ಲ, ಸೋಮವಾರ ಮತ್ತೆ ಕೆಲಸ ಬೇಕಲ್ಲ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಅಂತ ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದದ್ದು ಇಂಥವರ ಪರವಾಗಿಯೇ.

ನಮ್ಮ ಸಭೆಯವರಿಗೆ ಸಂತರೆಂದರೆ ಅಷ್ಟಕ್ಕಷ್ಟೇ, ಆದರೂ ಫ್ರಾನ್ಸಿನ ಲಿಸಿಯೋ ಮಠದ ತೆರೇಸಾ (1873–1897) ನನಗಿಷ್ಟ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಕೊಳೆನೀರನ್ನು ಇವಳ ಮುಖಕ್ಕೆ ಸಿಡಿಸುತ್ತಿದ್ದಳಂತೆ. ಹಿಂದೆ ಸರಿದು ಮುಖ ಒರೆಸಿಕೊಂಡರೆ ಅವಳಿಗೆ ತಿಳಿಯುತ್ತದೆ ಅಂತ ಮೊದಲು ಅನ್ನಿಸಿತು. ಹಾಗೆ ಮಾಡದೆ ಸಹಿಸಿಕೊಂಡೇ ನಿಂತಳು. ಕ್ಲೈಂಟ್ ಫೋನಿನಲ್ಲಿ ಕೂಗಾಡುವಾಗ ಇದು ನಿನ್ನ ಉಪಯೋಗಕ್ಕೆ ಬರುತ್ತದೆ. ಕೂಲಿಗೆ ಕಾಯುತ್ತಿರುವವರಿಗೆ ಮಾತ್ರ ಈ ಕಥೆ ಹೇಳಿ ತಾಳ್ಮೆ ಕಲಿಸಲು ಹೋಗಬೇಡ. ತಾಳ್ಮೆ ನಾವು ಅಭ್ಯಾಸ ಮಾಡಬೇಕಾದದ್ದು, ಬಡವರಿಂದ ವಸೂಲಿ ಮಾಡುವಂಥದ್ದಲ್ಲ.

ಮಾಲೀಕರೇ ಬಿಲ್ ಪಾಸ್ ಮಾಡದಿದ್ದರೆ ನಾನೆಲ್ಲಿಂದ ತರಲಿ ಅಂತ ನೀನು ಕೇಳುತ್ತೀಯ, ಗೊತ್ತು. ನ್ಯಾಯವಾದ ಪ್ರಶ್ನೆಯೇ. ಅಡ್ವಾನ್ಸ್ ಬಂದ ದಿನವೇ ಒಂದು ವಾರದ ಕೂಲಿ ಬೇರೆ ಎತ್ತಿಡು, ಅದನ್ನು ಕಬ್ಬಿಣಕ್ಕೂ ಸಿಮೆಂಟಿಗೂ ಮುಟ್ಟಬೇಡ. ಸಿಮೆಂಟ್ ಅಂಗಡಿಯವರು ಉದ್ರಿ ಬರೆದುಕೊಳ್ಳುತ್ತಾರೆ. ಗಾರೆ ಹೊತ್ತವಳ ಮನೆಯಲ್ಲಿ ಉದ್ರಿಗೆ ಒಲೆ ಉರಿಯುವುದಿಲ್ಲ. ಬಟವಾಡೆ ಮುಗಿಸುವಷ್ಟರಲ್ಲಿ ಕೂಟ ಶುರುವಾಗಿದ್ದರೆ ತಡವಾಗಿಯೇ ಹೋಗು. ಪಾಸ್ಟರ್ ಕೇಳಿದರೆ, ಬಟವಾಡೆ ಇತ್ತು ಅಂತಲೇ ಹೇಳು.

ನಿನ್ನ ಗೆಳೆಯ