ಓವನ್ ಇಲ್ಲದ ಮನೆಯ ಪೈ: ಬೀದರಿನ ಗೆಳೆಯನಿಗೊಂದು ಪತ್ರ

ದೋಸ್ತಾ,

ಮಗಳ ಹುಟ್ಟುಹಬ್ಬಕ್ಕೆ ಮಾವಿನಹಣ್ಣಿನ ಪೈ ಮಾಡಬೇಕು, ಮನೇಲಿ ಓವನ್ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀಯಲ್ಲ. ಓವನ್ ಬೇಡವೇ ಬೇಡ. ಬಿಸ್ಕತ್ತು, ಬೆಣ್ಣೆ, ಫ್ರಿಜ್ ಇದ್ದರೆ ಸಾಕು. ಆದರೆ ಒಂದು ಮಾತು ತಲೇಲಿರಲಿ. ಈ ಪೈ ಅಂದರೆ ಕೆಳಗೆ ಬಿಸ್ಕತ್ತು ಪುಡಿಯ ತಳ, ಮೇಲೆ ಮಾವು. ಓವನ್‌ನಲ್ಲಿ ಬೇಯಿಸುವ ತಳದಲ್ಲಿ ಸಕ್ಕರೆಯೂ ಕರಗಿ, ಆರಿದ ಮೇಲೆ ಗಟ್ಟಿಯಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮದರಲ್ಲಿ ಹಿಡಿದುಕೊಳ್ಳುವುದು ತಣ್ಣಗಾದ ಬೆಣ್ಣೆ ಒಂದೇ. ಅದೋ 35 ಡಿಗ್ರಿ ಮುಟ್ಟುವಷ್ಟರಲ್ಲಿ ಕರಗಿ ನೀರಾಗುತ್ತದೆ, ಮೇ ತಿಂಗಳಲ್ಲಿ ನಮ್ಮ ಕಲಬುರಗಿ 40 ದಾಟಿರುತ್ತದೆ. ನಿಮ್ಮ ಬೀದರ್ ಎತ್ತರದಲ್ಲಿದೆ, ಸ್ವಲ್ಪ ತಂಪು ನಿಜ, ಆದರೆ ಬೆಣ್ಣೆಗೆ ಆ ತಂಪು ಯಾವ ಮೂಲೆಗೂ ಸಾಲಲ್ಲ.

200 ಗ್ರಾಂ ಮಾರಿ ಅಥವಾ ಡೈಜೆಸ್ಟಿವ್ ಬಿಸ್ಕತ್ತಿಗೆ 100 ಗ್ರಾಂ ಬೆಣ್ಣೆ. ಡೈಜೆಸ್ಟಿವ್‌ನಲ್ಲಿ ಜಿಡ್ಡು ಜಾಸ್ತಿ, ಅದಕ್ಕೆ 80 ಗ್ರಾಂ ಆದರೂ ನಡೆಯುತ್ತದೆ. ಉಪ್ಪಿನ ಬೆಣ್ಣೆಯೇ ಇರಲಿ, ಸಿಹಿ ಹದಕ್ಕೆ ಬರುತ್ತದೆ, ಬೇರೆ ಸಕ್ಕರೆ ಬೇಡ. ಬಿಸ್ಕತ್ತನ್ನು ಮಿಕ್ಸರ್‌ಗೆ ಹಾಕಿ ತಿರುವುವಾಗ ಕೈ ತಡೆದುಕೋ. ಹಿಟ್ಟಿನಷ್ಟು ನುಣ್ಣಗಾಗಬಾರದು, ಮಾದಲಿಯ ಹಾಗೆ ತರಿ ತರಿ ಇರಬೇಕು. ಕರಗಿದ ಬೆಣ್ಣೆ ಸುರಿದು ಕೈಯಲ್ಲೇ ಕಲಸು. ಒಂದು ಹಿಡಿ ತಗೊಂಡು ಒತ್ತು: ಉಂಡೆಯಾಗಿ ನಿಲ್ಲಬೇಕು, ಬೆರಳಿಂದ ತಳ್ಳಿದರೆ ಒಡೆಯಬೇಕು. ನಿಲ್ಲದಿದ್ದರೆ ಒಂದು ಚಮಚ ಬೆಣ್ಣೆ ಸೇರಿಸು. ಅಂಗೈಗೆಲ್ಲಾ ಜಿಡ್ಡು ಮೆತ್ತಿದರೆ ಪುಡಿ ಸೇರಿಸು, ಇಲ್ಲವಾದರೆ ಫ್ರಿಜ್‌ನಿಂದ ತೆಗೆದಾಗ ಕಲ್ಲಾಗಿರುತ್ತದೆ, ಚಾಕು ಇಳಿಯಲ್ಲ.

ಅಂಚು ಎತ್ತರ ಇರುವ ಸ್ಟೀಲ್ ತಾಟು ಸಾಕು. ಮೊದಲು ಅಂಚಿಗೆ ಪುಡಿ ಏರಿಸಿ ಬೆರಳಿಂದ ಒತ್ತು, ಆಮೇಲೆ ನಡುವೆ ಹರಡು, ಚಪ್ಪಟೆ ತಳದ ವಾಟಿಯಿಂದ ಬಿಗಿಯಾಗಿ ಒತ್ತುತ್ತಾ ಬಾ. ಅಂಚೂ ತಳವೂ ಸೇರುವ ಮೂಲೆಯಲ್ಲಿ ಪುಡಿ ದಪ್ಪಗೆ ಕೂತುಬಿಡುತ್ತದೆ, ಅಲ್ಲಿ ಇನ್ನೊಮ್ಮೆ ಬೆರಳಾಡಿಸು. ಆಮೇಲೆ ಫ್ರಿಜ್‌ನಲ್ಲಿ ಎರಡು ಗಂಟೆ, ಫ್ರೀಜರ್ ಆದರೆ ಅರ್ಧ ಗಂಟೆ.

ಊರಿಂದ ಬಂದ ತುಪ್ಪ ಹಾಕಬಹುದಾ ಅಂತ ಕೇಳ್ತೀಯ, ಗೊತ್ತು. ಹಾಕಬಹುದು, ಆದರೆ ವಾಸನೆ ಮುಂದೆ ಬಂದು ಮಾವು ಹಿಂದೆ ಬೀಳುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅದು 24 ಡಿಗ್ರಿಗೇ ಕರಗುತ್ತದೆ. ಕಡಕ್ ರೊಟ್ಟಿ ಪುಡಿ ಮಾಡಿದರೆ ಹೇಗೆ ಅಂತ ನೀನು ಬರೆದಿದ್ದೆ. ಬ್ಯಾಡಪ್ಪಾ! ಅದರಲ್ಲಿ ಜಿಡ್ಡೂ ಇಲ್ಲ, ಸಿಹಿಯೂ ಇಲ್ಲ, ಅದು ಶೇಂಗಾ ಹಿಂಡಿ ಜೊತೆಗೇ ಚೆಂದ. ನಮ್ಮ ಕಡೆಯ ರುಚಿ ಬೇಕೇಬೇಕು ಅಂದರೆ ಕಾಲು ಭಾಗ ಬಿಸ್ಕತ್ತು ಬಿಟ್ಟು ಹುರಿದ ಶೇಂಗಾ ಪುಡಿ ಹಾಕು. ಅದೇ ಎಣ್ಣೆ ಬಿಡುವುದರಿಂದ ಬೆಣ್ಣೆ ಸ್ವಲ್ಪ ಕಡಿಮೆ ಮಾಡು.

ಮೇಲೆ ಹಾಕುವುದು ತಣ್ಣಗಿರಲಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಮಿಲ್ಕ್‌ಮೇಡ್, ಗಟ್ಟಿ ಮಾವಿನ ರಸ, ಇಷ್ಟೇ. ಬಿಸಿ ಕಸ್ಟರ್ಡ್ ಸುರಿದರೆ ಬೆಣ್ಣೆ ಕರಗಿ ತಳ ಸಡಿಲವಾಗುತ್ತದೆ. ಹಿಂದಿನ ರಾತ್ರಿಯೇ ಮಾಡಿಡುವುದಾದರೆ ತಳಕ್ಕೆ ಕರಗಿಸಿದ ಚಾಕಲೇಟ್ ತೆಳ್ಳಗೆ ಸವರಿ ತಣಿಸು, ಮಾವಿನ ರಸ ಇಳಿದು ಮೆತ್ತಗಾಗಲ್ಲ.

ಮಕ್ಕಳು ಜಾಸ್ತಿ ಬರ್ತಾರೆ ಅಂದರೆ ತಾಟಿನ ಗೊಡವೆಯೇ ಬೇಡ. ಸಣ್ಣ ಗ್ಲಾಸುಗಳಲ್ಲಿ ಪುಡಿ ಒತ್ತಿ ಮೇಲೆ ಮಾವು ತುಂಬು. ಕರೆಂಟ್ ಹೋಗಿ ತಳ ಸಡಿಲಾದರೂ ಚಮಚದಲ್ಲಿ ತಿನ್ನೋರಿಗೆ ಏನು ಗೊತ್ತಾಗುತ್ತೆ, ಹೇಳು.

ನಿನ್ನ ದೋಸ್ತ್,
ಕಲಬುರಗಿಯಿಂದ